ಉಣ್ಣಿ ಉದುರಿದರೆ ರೋಗವೂ ಹೋಯಿತೇ? ಕುದುರೆ, ಕತ್ತೆಗಳ 'ಕೆಂಪು ಮೂತ್ರ'ದ ಫಾರ್ವರ್ಡ್ ಎಷ್ಟು ನಿಜ?

ಈ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು:

"ಕುದುರೆ, ಕತ್ತೆಗೆ ಮೂತ್ರ ಕೆಂಪಗೆ ಬರುತ್ತಿದೆಯೇ? ಭಯ ಬೇಡ, ಇದು ಬರೀ ಮೈ ಉಷ್ಣ. ಮೈಗೆಲ್ಲ ಸೀಮೆಎಣ್ಣೆ ಹಚ್ಚಿ ಉಣ್ಣಿ ಉದುರಿಸಿ, ಮಜ್ಜಿಗೆ ಕುಡಿಸಿ. ಮೂರೇ ದಿನದಲ್ಲಿ ಗುಣ. ಎಚ್ಚರ! ಇದು ಮಂಗನ ಕಾಯಿಲೆಯ ಇನ್ನೊಂದು ರೂಪ, ಮನುಷ್ಯರಿಗೂ ಅಂಟುತ್ತದೆ. ಕತ್ತೆ ಹಾಲು ಕುಡಿಯಲೇಬೇಡಿ. ಎಲ್ಲ ಗುಂಪುಗಳಿಗೂ ಕಳಿಸಿ."

ಮೊದಲ ಸಾಲಿನಲ್ಲಿ ಭಯ ಬೇಡ, ನಾಲ್ಕನೇ ಸಾಲಿನಲ್ಲಿ ಎಚ್ಚರ! ಸಾಮಾನ್ಯವಾಗಿ ಇಂಥ ಫಾರ್ವರ್ಡ್ ಬಂದಾಗ ನಾವು ಎರಡು ಮೂರು ದಿನ ಪರಿಶೀಲಿಸಿ ಬರೆಯುತ್ತೇವೆ. ಈ ಸಲ ಅಷ್ಟು ಸಮಯ ಇರಲಿಲ್ಲ. ಸಂದೇಶ ಕಳಿಸಿದ ಓದುಗರು ಅದರ ಕೆಳಗೆ ಹೀಗೆ ಬರೆದಿದ್ದರು: "ನಮ್ಮ ಮಾವ ಕುರಿ ಕಾಯ್ತಾರ್ರಿ. ಅವರ ಕುದುರಿ ನಿನ್ನೆಯಿಂದ ಮೇವು ಮುಟ್ಟಿಲ್ಲ. ಉಚ್ಚಿ ಕೆಂಪಗಾಗೇದ. ಮಾವ ಸೀಮೆಎಣ್ಣಿ ತರಾಕ ಹೊಂಟಾರ. ಹಚ್ಚಬಹುದೇನ್ರಿ?"

"ಹಚ್ಚಬೇಡಿ. ಮೊದಲು 1962ಕ್ಕೆ ಕರೆ ಮಾಡಿ, ಪಶುವೈದ್ಯರನ್ನು ಕರೆಸಿ" ಎಂದು ಉತ್ತರಿಸಿದೆವು. ಯಾಕೆ ಹಾಗೆ ಹೇಳಿದೆವು ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಕುದುರೆ ಎಂದರೆ ರೇಸು, ಶೋಕಿ ಎಂದುಕೊಂಡವರಿಗೆ ಒಂದು ಮಾತು. ಉತ್ತರ ಕರ್ನಾಟಕದ ಕುರಿಗಾಹಿಗಳು ಊರೂರು ವಲಸೆ ಹೋಗುವಾಗ ಪಾತ್ರೆ, ಹಾಸಿಗೆ, ಕಾಳಿನ ಚೀಲ, ನಡೆಯಲಾರದ ಎಳೆ ಕುರಿಮರಿ ಎಲ್ಲವೂ ಕುದುರೆಯ ಬೆನ್ನ ಮೇಲಿರುತ್ತವೆ. ಮೈಸೂರಿನ ಟಾಂಗಾದವರಿಗೂ, ಕತ್ತೆ ಮೇಲೆ ಇಟ್ಟಿಗೆ, ಮರಳು ಹೊರಿಸುವವರಿಗೂ ದಿನದ ಕೂಲಿ ಈ ಪ್ರಾಣಿಯಿಂದಲೇ ಬರುತ್ತದೆ. ಇವುಗಳ ಸಂಖ್ಯೆಯೂ ವೇಗವಾಗಿ ಕುಸಿಯುತ್ತಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ರ ಗಣತಿಯಲ್ಲಿ ಉಳಿದದ್ದು ಸುಮಾರು 1.2 ಲಕ್ಷ. ಕುದುರೆಗಳು ಸುಮಾರು 3.4 ಲಕ್ಷ.

ಈಗ ಸಂದೇಶದ ಒಂದೊಂದು ಮಾತನ್ನೂ ನೋಡೋಣ.

ಹೇಳಿಕೆ 1: ಮೂತ್ರ ಕೆಂಪಾದರೆ ಅದು ಉಷ್ಣ

ತಪ್ಪು. ಮೂತ್ರ ಕೆಂಪಾಗಲು ಹಲವು ಕಾರಣಗಳಿವೆ. ಉಣ್ಣಿಯ ಮೂಲಕ ಬರುವ ಒಂದು ರಕ್ತದ ಕಾಯಿಲೆ ಅವುಗಳಲ್ಲಿ ಮುಖ್ಯವಾದದ್ದು. ಪಶುವೈದ್ಯರು ಇದನ್ನು ಪೈರೋಪ್ಲಾಸ್ಮೋಸಿಸ್ ಎನ್ನುತ್ತಾರೆ. ಕೆಲವರು ಬಬೇಸಿಯೋಸಿಸ್, ಥೈಲೇರಿಯೋಸಿಸ್ ಎಂದೂ ಹೇಳುವುದುಂಟು. ಕುದುರೆ, ಕತ್ತೆ, ಹೇಸರಗತ್ತೆ, ಜೀಬ್ರಾ, ಹೀಗೆ ಇಡೀ ಕುದುರೆ ಕುಟುಂಬಕ್ಕೆ ಇದು ಬರುತ್ತದೆ.

ಇದಕ್ಕೆ ಮುಖ್ಯ ಕಾರಣ ಎರಡು ಸೂಕ್ಷ್ಮ ಪರಾವಲಂಬಿ ಜೀವಿಗಳು: ಬಬೇಸಿಯಾ ಕ್ಯಾಬಲ್ಲಿ ಮತ್ತು ಥೈಲೇರಿಯಾ ಈಕ್ವಿ. ಹೆಸರು ನೆನಪಿರದಿದ್ದರೂ ಪರವಾಗಿಲ್ಲ. ಇವು ಮಲೇರಿಯಾ ರೋಗಾಣುವಿನ ದೂರದ ನೆಂಟರು ಎಂದು ನೆನಪಿಟ್ಟರೆ ಸಾಕು. ಮಲೇರಿಯಾವನ್ನು ಸೊಳ್ಳೆ ಹೊತ್ತು ತರುತ್ತದೆ, ಇವನ್ನು ಉಣ್ಣಿ ಹೊತ್ತು ತರುತ್ತದೆ. (ನಿಮ್ಮ ಕಡೆ ಇದನ್ನು ಉಣುಗು ಅಥವಾ ಉಣ್ಣೆ ಎನ್ನಬಹುದು.)

ಉಣ್ಣಿ ರಕ್ತ ಹೀರುವಾಗ ಅದರ ಜೊಲ್ಲಿನ ಜೊತೆ ಈ ಜೀವಿಗಳು ಪ್ರಾಣಿಯ ದೇಹ ಸೇರುತ್ತವೆ. ಕೆಂಪು ರಕ್ತಕಣದ ಒಳಗೆ ಹೊಕ್ಕು ಅಲ್ಲೇ ಮರಿ ಮಾಡುತ್ತವೆ. ನಂತರ ಕಣವನ್ನು ಒಡೆದು ಹೊರಬಂದು ಇನ್ನೊಂದು ಕಣಕ್ಕೆ ನುಗ್ಗುತ್ತವೆ. ಹೀಗೆ ಲೆಕ್ಕವಿಲ್ಲದಷ್ಟು ಕಣಗಳು ಒಡೆದಾಗ ಅವುಗಳಲ್ಲಿದ್ದ ಕೆಂಪು ಬಣ್ಣದ ಹಿಮೋಗ್ಲೋಬಿನ್ ರಕ್ತದಲ್ಲಿ ಚೆಲ್ಲಿ, ಮೂತ್ರಪಿಂಡ ದಾಟಿ ಮೂತ್ರಕ್ಕೆ ಬರುತ್ತದೆ. ಆ ಕೆಂಪು ಅಥವಾ ಕಾಫಿ ಬಣ್ಣದ ಮೂಲ ಇದು. ರಕ್ತ ಒಳಗೊಳಗೇ ನಾಶವಾಗುತ್ತಿದೆ ಎಂಬುದರ ಗುರುತು. ಮಜ್ಜಿಗೆಯಿಂದ ತಣಿಯುವ ಉಷ್ಣ ಇದಲ್ಲ.

ಸಾಮಾನ್ಯವಾಗಿ ಕುದುರೆಯ ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಈ ರೋಗ ಬಂದಾಗ 40 ಡಿಗ್ರಿ ದಾಟಬಹುದು. ಪ್ರಾಣಿ ಮೇವು ಬಿಡುತ್ತದೆ, ತಲೆ ತಗ್ಗಿಸಿ ನಿಲ್ಲುತ್ತದೆ. ವಸಡು ಮತ್ತು ಕಣ್ಣಿನ ಒಳಪದರ ಮೊದಲು ಬಿಳಿಚಿಕೊಂಡು ಆಮೇಲೆ ಹಳದಿಯಾಗಬಹುದು. ಕಾಲು ಊದಬಹುದು, ಹೊಟ್ಟೆನೋವಿನಿಂದ ಒದ್ದಾಡಬಹುದು. ಎಲ್ಲ ಪ್ರಾಣಿಗಳಲ್ಲೂ ಮೂತ್ರ ಕೆಂಪಾಗಲೇಬೇಕು ಎಂದೇನೂ ಇಲ್ಲ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಕುದುರೆಯ ಮಾಮೂಲಿ ಮೂತ್ರವೇ ನೆಲಕ್ಕೆ ಬಿದ್ದು ಗಾಳಿ ತಗುಲಿದ ಮೇಲೆ ಕೆಂಗಂದು ಬಣ್ಣಕ್ಕೆ ತಿರುಗುವುದುಂಟು. ಹಾಗಾಗಿ ಬೀಳುವಾಗಲೇ ಅದರ ಬಣ್ಣ ನೋಡಬೇಕು. ಕೆಲ ದಿನ ಸುಮ್ಮನೆ ಕಟ್ಟಿಹಾಕಿದ್ದ ಕುದುರೆಯನ್ನು ಒಮ್ಮೆಲೇ ಜೋರಾಗಿ ದುಡಿಸಿದರೆ ಸ್ನಾಯು ಒಡೆದು ಮೂತ್ರ ಕಪ್ಪುಗೆಂಪಾಗಬಹುದು. ದೊಡ್ಡ ನೊಣಗಳ ಕಡಿತದಿಂದ ಹರಡುವ ಸರ್ರಾ ಎಂಬ ಇನ್ನೊಂದು ರೋಗದಲ್ಲೂ ಜ್ವರ, ರಕ್ತಹೀನತೆ, ಕಾಲು ಊತ ಇರುತ್ತವೆ. ಸರ್ರಾದ ಔಷಧವೇ ಬೇರೆ, ಇದರ ಔಷಧವೇ ಬೇರೆ. ಹೊರಗಿನಿಂದ ನೋಡಿ ಯಾವುದು ಎಂದು ಹೇಳುವುದು ಕಷ್ಟ. ಅದಕ್ಕೆ ರಕ್ತ ಪರೀಕ್ಷೆ ಬೇಕು.

ಹೇಳಿಕೆ 2: ಸೀಮೆಎಣ್ಣೆ ಹಚ್ಚಿ ಉಣ್ಣಿ ಉದುರಿಸಿದರೆ ರೋಗ ಹೋಗುತ್ತದೆ

ಉಣ್ಣಿಗೂ ಈ ರೋಗಕ್ಕೂ ಸಂಬಂಧ ಇದೆ ಎಂಬುದಷ್ಟೇ ಇಲ್ಲಿ ನಿಜ. ಸಂಬಂಧ ಗೊತ್ತಾದದ್ದೇ ಒಂದು ಸ್ವಾರಸ್ಯದ ಕಥೆ.

ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ದಕ್ಷಿಣದ ದನಗಳು ಉತ್ತರಕ್ಕೆ ಹೋದ ದಾರಿಯಲ್ಲೆಲ್ಲ ಅಲ್ಲಿನ ದನಗಳು ಜ್ವರ ಬಂದು, ಕೆಂಪು ಮೂತ್ರ ಹೊಯ್ದು ಸಾಯುತ್ತಿದ್ದವು. ದಕ್ಷಿಣದ ದನಗಳು ಮಾತ್ರ ಆರಾಮಾಗಿರುತ್ತಿದ್ದವು. ಉಣ್ಣಿಯೇ ಕಾರಣ ಇರಬೇಕು ಎಂದು ದನ ಸಾಕುವವರಲ್ಲಿ ಕೆಲವರು ಹೇಳಿದರೂ ಅನೇಕ ತಜ್ಞರು ನಂಬಲಿಲ್ಲ. ಥಿಯೊಬಾಲ್ಡ್ ಸ್ಮಿತ್ ಮತ್ತು ಫ್ರೆಡರಿಕ್ ಕಿಲ್ಬೋರ್ನ್ ಎಂಬ ವಿಜ್ಞಾನಿಗಳು ದಕ್ಷಿಣದ ದನಗಳ ಮೈಯಿಂದ ಉಣ್ಣಿಗಳನ್ನು ಕೈಯಿಂದಲೇ ಹೆಕ್ಕಿ ತೆಗೆದು, ಉತ್ತರದ ದನಗಳ ಜೊತೆ ಬಿಟ್ಟರು. ರೋಗ ಬರಲಿಲ್ಲ. ಇನ್ನೊಂದು ಹೊಲದಲ್ಲಿ ದಕ್ಷಿಣದ ದನಗಳನ್ನು ಬಿಡದೆ ಬರೀ ಉಣ್ಣಿಗಳನ್ನು ಹರಡಿದರು. ಅಲ್ಲಿನ ದನಗಳಿಗೆ ರೋಗ ಬಂತು! 1893ರಲ್ಲಿ ಅವರ ವರದಿ ಪ್ರಕಟವಾಯಿತು. ಅದು ದನಗಳ ಬಬೇಸಿಯಾ. ಕುದುರೆಯ ರೋಗಾಣು ಅದರ ಹತ್ತಿರದ ಸಂಬಂಧಿ.

ಹಾಗಾದರೆ ಉಣ್ಣಿ ಉದುರಿಸಿದರೆ ಸಾಕಲ್ಲವೇ? ಸಾಲದು. ಉಣ್ಣಿ ಕಚ್ಚಿ ರೋಗಾಣು ಮೈ ಸೇರಿದ ಮೇಲೆ ಲಕ್ಷಣ ಕಾಣಿಸಲು ಥೈಲೇರಿಯಾ ಈಕ್ವಿ ಆದರೆ 12ರಿಂದ 19 ದಿನ, ಬಬೇಸಿಯಾ ಕ್ಯಾಬಲ್ಲಿ ಆದರೆ 10ರಿಂದ 30 ದಿನ ಬೇಕಾಗುತ್ತದೆ. ಇಂದು ಜ್ವರ ಬಂದ ಕುದುರೆಯ ಮೈಯಲ್ಲಿ ನೀವು ನೋಡುತ್ತಿರುವ ಉಣ್ಣಿ, ರೋಗ ತಂದ ಉಣ್ಣಿ ಆಗಿರಲಿಕ್ಕಿಲ್ಲ. ಅದು ತನ್ನ ಕೆಲಸ ಮುಗಿಸಿ ಎಂದೋ ಕೆಳಗೆ ಬಿದ್ದು ಹೋಗಿರುತ್ತದೆ. ರೋಗಾಣು ಈಗ ಇರುವುದು ರಕ್ತದಲ್ಲಿ, ಚರ್ಮದ ಮೇಲಲ್ಲ.

ಸೀಮೆಎಣ್ಣೆಯಂತೂ ಬೇಡವೇ ಬೇಡ. ಅದು ಚರ್ಮ ಸುಡುತ್ತದೆ, ಬೊಬ್ಬೆ ಏಳಿಸುತ್ತದೆ. ಪ್ರಾಣಿ ಮೈ ನೆಕ್ಕಿಕೊಂಡರೆ ಹೊಟ್ಟೆಗೂ ಹೋಗುತ್ತದೆ. ಬೆಂಕಿಕಡ್ಡಿಯಿಂದ ಸುಡುವುದೂ ಅಷ್ಟೇ ಅಪಾಯ. ಒಂದೆರಡು ಉಣ್ಣಿ ಇದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು. ಬೆರಳಿನಿಂದ ಹಿಸುಕಬಾರದು.

ಇನ್ನೂ ಒಂದು ತಪ್ಪು ನಮ್ಮಲ್ಲಿ ಸುಲಭವಾಗಿ ಆಗಬಹುದು. ದನಗಳ ಉಣ್ಣಿಗೆಂದು ತಂದಿಟ್ಟ ಅಮಿಟ್ರಾಜ್ ಔಷಧವನ್ನೇ ಕುದುರೆಗೂ ಸಿಂಪಡಿಸುವುದು. ಅಮಿಟ್ರಾಜ್ ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸಿ ಪ್ರಾಣಕ್ಕೆ ಕುತ್ತು ತರಬಲ್ಲದು. ಕುದುರೆ, ಕತ್ತೆಗೆ ಯಾವ ಉಣ್ಣಿ ಔಷಧ ಸುರಕ್ಷಿತ ಎಂದು ಪಶುವೈದ್ಯರನ್ನು ಕೇಳಿಯೇ ತನ್ನಿ.

ಹಾಗೆಂದು ಉಣ್ಣಿ ತೆಗೆಯುವುದು ದಂಡ ಎಂದಲ್ಲ. ಈ ರೋಗಕ್ಕೆ ಲಸಿಕೆ ಇಲ್ಲ. ಉಣ್ಣಿ ಬಾರದಂತೆ ನೋಡಿಕೊಳ್ಳುವುದೇ ಇರುವ ದೊಡ್ಡ ರಕ್ಷಣೆ. ಉಣ್ಣಿ ಕಚ್ಚಿದ ಕ್ಷಣವೇ ಸಾಮಾನ್ಯವಾಗಿ ರೋಗ ದಾಟುವುದಿಲ್ಲ, ಕಚ್ಚಿಕೊಂಡು ಕೆಲ ಕಾಲ ಕೂತ ಮೇಲೆ ದಾಟುತ್ತದೆ. ಹಾಗಾಗಿ ಆರೋಗ್ಯವಾಗಿರುವಾಗಲೇ ದಿನವೂ ಕಿವಿಯೊಳಗೆ, ಜೂಲಿನ ಬುಡದಲ್ಲಿ, ತೊಡೆಸಂದಿಯಲ್ಲಿ, ಬಾಲದ ಕೆಳಗೆ ಕೈಯಾಡಿಸಿ ನೋಡುವ ಅಭ್ಯಾಸ ಬೇಕು. ರೋಗ ಬಂದ ಮೇಲೆ ಅದೊಂದೇ ಚಿಕಿತ್ಸೆಯಾಗದು.

ಹೇಳಿಕೆ 3: ಮೂರೇ ದಿನದಲ್ಲಿ ಗುಣ

ಇದು ಈ ಸಂದೇಶದ ಅತಿ ಅಪಾಯದ ಸಾಲು. ಕೆಲವು ಪ್ರಾಣಿಗಳು ಜ್ವರದಿಂದ ಚೇತರಿಸಿಕೊಳ್ಳುವುದು ನಿಜ. ಆಗ ನಾವು ಕೊಟ್ಟ ಮಜ್ಜಿಗೆಯೇ ಗುಣಪಡಿಸಿತು ಅನಿಸುತ್ತದೆ. ಆದರೆ ಎರಡು ಸಂಗತಿ ಕಣ್ಣಿಗೆ ಕಾಣುವುದಿಲ್ಲ.

ಮೊದಲನೆಯದು, ಕಾದು ಕಳೆದ ಆ ಮೂರು ದಿನ. ತೀವ್ರವಾದಾಗ ಈ ರೋಗ ಪ್ರಾಣಿಯನ್ನು ಕೊಲ್ಲುತ್ತದೆ. ಉಣ್ಣಿ ಹೆಚ್ಚಿರುವ ಪ್ರದೇಶದಲ್ಲಿ ಹುಟ್ಟಿ ಬೆಳೆದವು ಎಳೆಯದರಲ್ಲೇ ಸೋಂಕು ತಗುಲಿ ಸ್ವಲ್ಪ ತಡೆಯುವ ಶಕ್ತಿ ಪಡೆದಿರುತ್ತವೆ. ಬೇರೆ ಕಡೆಯಿಂದ ಹೊಸದಾಗಿ ತಂದ ಕುದುರೆಗೆ ಆ ರಕ್ಷಣೆ ಇರುವುದಿಲ್ಲ.

ಕತ್ತೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕತ್ತೆ ನೋವು ತೋರಿಸುವುದು ಕಡಿಮೆ. ಸುಮ್ಮನೆ ನಿಂತಿರುತ್ತದೆ, ನಾವು 'ಹಟ' ಎಂದುಕೊಳ್ಳುತ್ತೇವೆ. ಯಾವ ಕಾರಣಕ್ಕೇ ಆಗಲಿ ಕತ್ತೆ ಮೇವು ಬಿಟ್ಟರೆ ಅದರ ದೇಹ ತನ್ನಲ್ಲಿರುವ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಸುರಿಯತೊಡಗುತ್ತದೆ. ಆ ಕೊಬ್ಬು ಯಕೃತ್ತು, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮೂಲ ರೋಗಕ್ಕಿಂತ ಮೊದಲು ಇದರಿಂದಲೇ ಕತ್ತೆ ಸಾಯಬಹುದು. ಮೇವು ಬಿಟ್ಟ ಕತ್ತೆಯನ್ನು ಮೂರು ದಿನ ನೋಡೋಣ ಎನ್ನುವಂತಿಲ್ಲ. ಅಂದೇ ವೈದ್ಯರು ನೋಡಬೇಕು.

ಎರಡನೆಯದು, ಗುಣವಾದಂತೆ ಕಂಡ ಪ್ರಾಣಿಯ ರಕ್ತದಲ್ಲಿ ರೋಗಾಣು ಉಳಿದಿರುತ್ತದೆ. ಬಬೇಸಿಯಾ ಕ್ಯಾಬಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಥೈಲೇರಿಯಾ ಈಕ್ವಿ ಸಾಮಾನ್ಯವಾಗಿ ಬದುಕಿರುವವರೆಗೂ ಇರುತ್ತದೆ. ಪ್ರಾಣಿ ತಿನ್ನುತ್ತದೆ, ದುಡಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಅದರ ರಕ್ತ ಕುಡಿದ ಉಣ್ಣಿ ಮಾತ್ರ ರೋಗವನ್ನು ಪಕ್ಕದ ಪ್ರಾಣಿಗೆ ಒಯ್ಯುತ್ತದೆ. ಗಬ್ಬದ ಕುದುರೆಯಿಂದ ಹೊಟ್ಟೆಯಲ್ಲಿರುವ ಮರಿಗೂ ಥೈಲೇರಿಯಾ ದಾಟಬಲ್ಲದು. ವಿಪರೀತ ದುಡಿಮೆ, ದೂರದ ಪ್ರಯಾಣದಿಂದ ಬಳಲಿದಾಗ ರೋಗ ಮತ್ತೆ ತಲೆ ಎತ್ತಬಹುದು.

ಈ ಅಡಗಿರುವ ಗುಣದಿಂದಾಗಿಯೇ ಅಂತರರಾಷ್ಟ್ರೀಯ ಕುದುರೆ ಸಾಗಣೆಯಲ್ಲಿ ಇದರ ಪರೀಕ್ಷೆಗೆ ಅಷ್ಟು ಮಹತ್ವ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಬಂದ ಸೋಂಕಿತ ಕುದುರೆಗಳನ್ನು ಬಿಟ್ಟುಕೊಳ್ಳಲು ಅಮೆರಿಕ ಉಣ್ಣಿ ನಿಯಂತ್ರಣದ ಬಿಗಿ ಷರತ್ತುಗಳನ್ನು ಹಾಕಿತ್ತು. ನಮ್ಮಲ್ಲಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರಕ್ಕೆ 2025ರಲ್ಲಿ ದೇಶದ ಮೊದಲ 'ಕುದುರೆ ರೋಗಮುಕ್ತ ವಲಯ' ಎಂಬ ವಿಶ್ವ ಮಾನ್ಯತೆ ಸಿಕ್ಕಿತು. ಅಲ್ಲಿ ಇಲ್ಲವೆಂದು ಖಾತರಿಪಡಿಸಿದ ರೋಗಗಳ ಪಟ್ಟಿಯಲ್ಲಿ ಪೈರೋಪ್ಲಾಸ್ಮೋಸಿಸ್ ಕೂಡ ಇದೆ.

ಫಾರ್ವರ್ಡ್‌ನಲ್ಲಿ ಇಲ್ಲದ ಅಪಾಯ: ಒಂದೇ ಸೂಜಿ

ಸಂದೇಶ ಬರೆದವರು ಉಣ್ಣಿಯನ್ನು ನೋಡಿದರು, ಸೂಜಿಯನ್ನು ಮರೆತರು.

2008ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ 20 ಕುದುರೆಗಳಿಗೆ ಥೈಲೇರಿಯಾ ಈಕ್ವಿ ಸೋಂಕು ಪತ್ತೆಯಾಯಿತು. ತನಿಖೆ ಮಾಡಿದಾಗ ಅಲ್ಲಿ ಉಣ್ಣಿಯ ಪಾತ್ರ ಕಂಡುಬರಲಿಲ್ಲ. ಒಂದೇ ಸೂಜಿಯನ್ನು ಹಲವು ಕುದುರೆಗಳಿಗೆ ಬಳಸಿದ್ದು, ಒಂದರ ರಕ್ತವನ್ನು ಇನ್ನೊಂದಕ್ಕೆ ಏರಿಸಿದ್ದು ಕಾರಣ ಎಂದು ಗೊತ್ತಾಯಿತು. ಮರುವರ್ಷ ಟೆಕ್ಸಾಸ್‌ನ ಒಂದು ಫಾರ್ಮಿನಲ್ಲಿ 400ಕ್ಕೂ ಹೆಚ್ಚು ಕುದುರೆಗಳಲ್ಲಿ ಸೋಂಕು ಸಿಕ್ಕಿತು. ಅಲ್ಲಿ ಹರಡಿದ್ದು ಉಣ್ಣಿ.

ನಮ್ಮ ಊರುಗಳಿಗೆ ಇದನ್ನು ಹೊಂದಿಸಿ ನೋಡಿ. ಒಂದು ಪ್ರಾಣಿಗೆ ಹುಷಾರಿಲ್ಲ ಎಂದು ಯಾರೋ ಬಂದು ಸೂಜಿ ಹಾಕುತ್ತಾರೆ. "ಹೆಂಗೂ ಬಂದೀರಿ, ಉಳಿದ ಎರಡಕ್ಕೂ ಶಕ್ತಿ ಸೂಜಿ ಹಾಕಿಬಿಡಿ" ಎನ್ನುತ್ತೇವೆ. ಸೂಜಿ ಬದಲಾಗದಿದ್ದರೆ, ಗುಣವಾದಂತೆ ಕಂಡ ಪ್ರಾಣಿಯ ರಕ್ತದ ಒಂದು ಹನಿ ಉಳಿದೆರಡಕ್ಕೆ ಹೋಗುತ್ತದೆ. ಉಣ್ಣಿ ಮಾಡಬೇಕಿದ್ದ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಪ್ರತಿ ಪ್ರಾಣಿಗೂ ಹೊಸ ಸೂಜಿ, ಹೊಸ ಸಿರಿಂಜು ಕೇಳುವುದು ನಿಮ್ಮ ಹಕ್ಕು. ಕೇಳಲು ಸಂಕೋಚ ಬೇಡ.

ಔಷಧದ ಹೆಸರು ಗೊತ್ತಿದೆ ಎಂದು ಅಂಗಡಿಯಿಂದ ತಂದು ಹಾಕುವುದೂ ಬೇಡ. ಇದಕ್ಕೆ ಹೆಚ್ಚಾಗಿ ಬಳಸುವ ಇಮಿಡೋಕಾರ್ಬ್ ಔಷಧ ಹೊಟ್ಟೆನುಲಿತ, ಜೊಲ್ಲು ಸುರಿಯುವುದು, ಭೇದಿ ತರಬಹುದು. ಯಕೃತ್ತು, ಮೂತ್ರಪಿಂಡಕ್ಕೂ ಹಾನಿ ಮಾಡಬಹುದು. ಕುದುರೆ ತಡೆದುಕೊಳ್ಳುವ ಪ್ರಮಾಣ ಕತ್ತೆಯ ಜೀವವನ್ನೇ ತೆಗೆಯಬಹುದು. ತೂಕ ನೋಡಿ, ರೋಗಾಣು ಯಾವುದೆಂದು ನೋಡಿ ಎಷ್ಟು ಕೊಡಬೇಕೆಂದು ವೈದ್ಯರೇ ತೀರ್ಮಾನಿಸಬೇಕು.

ಹೇಳಿಕೆ 4: ಇದು ಮಂಗನ ಕಾಯಿಲೆ, ಮನುಷ್ಯರಿಗೂ ಅಂಟುತ್ತದೆ

ತಪ್ಪು. ಎರಡನ್ನೂ ಉಣ್ಣಿ ಹರಡುತ್ತದೆ ಎಂಬುದನ್ನು ಬಿಟ್ಟರೆ ಇವೆರಡಕ್ಕೂ ಸಂಬಂಧವಿಲ್ಲ. ಮಂಗನ ಕಾಯಿಲೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ, 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾದದ್ದು. ಅದಕ್ಕೆ ಕಾರಣ ವೈರಸ್. ಕುದುರೆಯ ಈ ರೋಗಕ್ಕೆ ಕಾರಣ ಬೇರೆಯೇ ಜಾತಿಯ ಪರಾವಲಂಬಿ ಜೀವಿ. ಒಂದೇ ಬಸ್ಸಿನಲ್ಲಿ ಬಂದ ಮಾತ್ರಕ್ಕೆ ಇಬ್ಬರು ಅಣ್ಣ ತಮ್ಮಂದಿರಾಗುವುದಿಲ್ಲ.

ಹಾಗಾದರೆ ಬಬೇಸಿಯಾ ಮನುಷ್ಯರಿಗೆ ಬರುವುದೇ ಇಲ್ಲವೇ? ಬರುತ್ತದೆ. ಆದರೆ ಅದು ಮುಖ್ಯವಾಗಿ ಅದೇ ಕುಲದ ಬೇರೆ ಪ್ರಭೇದಗಳಿಂದ. ಅಮೆರಿಕದಲ್ಲಿ ಹೆಚ್ಚಾಗಿ ಇಲಿಗಳಲ್ಲಿರುವ ಪ್ರಭೇದದಿಂದ, ಯುರೋಪಿನಲ್ಲಿ ದನಗಳ ಪ್ರಭೇದದಿಂದ ಬರುತ್ತದೆ. ಕುದುರೆ ಮುಟ್ಟಿದ್ದರಿಂದ, ಸವಾರಿ ಮಾಡಿದ್ದರಿಂದ, ಲಾಯ ಗುಡಿಸಿದ್ದರಿಂದ ಪೈರೋಪ್ಲಾಸ್ಮೋಸಿಸ್ ಅಂಟುವುದಿಲ್ಲ. ಆದರೂ ಉಣ್ಣಿ ತೆಗೆಯುವಾಗ ಕೈಗವಸು ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಉಣ್ಣಿಗಳು ಬೇರೆ ರೋಗಗಳನ್ನೂ ಹೊತ್ತಿರಬಹುದು.

ಇನ್ನು ಕತ್ತೆ ಹಾಲು. ಈ ರೋಗ ರಕ್ತದ ಮೂಲಕ ಹರಡುವಂಥದ್ದು. ಹಾಲು ಕುಡಿದ ಮನುಷ್ಯರಿಗೆ ಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಆದರೆ ಇದನ್ನು ಓದಿ "ಹಾಗಾದರೆ ಮಗುವಿಗೆ ಕುಡಿಸಬಹುದು" ಎಂದುಕೊಳ್ಳಬೇಡಿ. ಬೀದಿಯಲ್ಲಿ ಕತ್ತೆ ಹಾಲು ಮಾರುವವರು ಬಂದಾಗ ಎಳೆಗೂಸಿಗೆ ಒಂದು ಒಳಲೆ ಹಾಲು ಹಾಕಿಸುವ ರೂಢಿ ನಮ್ಮಲ್ಲಿದೆ. ಕಾಯಿಸದ ಯಾವ ಹಾಲೂ ಮಕ್ಕಳಿಗೆ ಅಪಾಯವೇ. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿ ಹಾಲೊಂದೇ ಸಾಕು.

ಹಾಗಾದರೆ ಏನು ಮಾಡಬೇಕು?

ಪ್ರಾಣಿ ಮೇವು ಬಿಟ್ಟು, ಜ್ವರ ಬಂದು, ಮೂತ್ರ ಕೆಂಪಾಗಿದ್ದರೆ ದುಡಿಸುವುದನ್ನು ತಕ್ಷಣ ನಿಲ್ಲಿಸಿ, ನೆರಳಲ್ಲಿ ಕಟ್ಟಿ, ನೀರು ಇಡಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಮೂತ್ರದ ಮತ್ತು ವಸಡಿನ ಫೋಟೊ ತೆಗೆದಿಡಿ. ಕೈಯಲ್ಲಿರುವ ಫೋನಿಗೆ ಇದಕ್ಕಿಂತ ಒಳ್ಳೆಯ ಬಳಕೆ ಇಲ್ಲ! ಯಾವಾಗಿನಿಂದ ಮೇವು ಬಿಟ್ಟಿದೆ, ಇತ್ತೀಚೆಗೆ ಎಲ್ಲಿಂದ ತಂದದ್ದು, ಯಾವ ಸೂಜಿ ಹಾಕಿಸಿದ್ದೀರಿ ಎಂದು ವೈದ್ಯರಿಗೆ ಹೇಳಿ.

ವೈದ್ಯರು ಗಾಜಿನ ತುಂಡಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಬೇಸಿಯಾ ಎರಡು ಹನಿಗಳ ಬಾಲ ಸೇರಿಸಿದಂತೆ ಜೋಡಿಯಾಗಿ ಕಾಣುತ್ತದೆ. ಥೈಲೇರಿಯಾ ಒಂದೇ ಕಣದಲ್ಲಿ ನಾಲ್ಕು ಸೇರಿ ಶಿಲುಬೆಯ ಆಕಾರದಲ್ಲಿ ಕಾಣಬಹುದು. ಸೋಂಕು ಹಳೆಯದಾಗಿದ್ದರೆ ರೋಗಾಣುಗಳು ತೀರಾ ಕಡಿಮೆ ಇದ್ದು ಹೀಗೆ ಸಿಗದೆ ಹೋಗಬಹುದು. ಆಗ ಎಲೈಸಾ, ಪಿಸಿಆರ್ ಪರೀಕ್ಷೆ ಬೇಕಾಗುತ್ತದೆ. ಕುದುರೆ, ಕತ್ತೆಗಳ ರೋಗಗಳಿಗೆಂದೇ ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ.

ಆ ಕುದುರೆ ಏನಾಯಿತು?

ನಮಗೆ ಸಂದೇಶ ಕಳಿಸಿದ ಓದುಗರು ನಾಲ್ಕು ದಿನದ ನಂತರ ಧ್ವನಿ ಸಂದೇಶ ಕಳಿಸಿದರು. ಅಂದು ಸಂಜೆಯೇ ವೈದ್ಯರು ಬಂದು ರಕ್ತ ತೆಗೆದುಕೊಂಡು ಹೋದರಂತೆ. ರಕ್ತದಲ್ಲಿ ರೋಗಾಣು ಸಿಕ್ಕಿ ಚಿಕಿತ್ಸೆ ಶುರುವಾಯಿತಂತೆ. "ಈಗ ಹುಲ್ಲು ತಿನ್ನಾಕತ್ತೈತ್ರಿ. ಮಾವ ಸಾಮಾನು ಹೇರೂದು ಬಿಟ್ಟಾರ, ತಾವೇ ಹೊತ್ಗೊಂಡು ನಡದಾರ" ಎಂದರು. ಹಿನ್ನೆಲೆಯಲ್ಲಿ ಕುರಿಗಳ ಸದ್ದಿತ್ತು. ಕೊನೆಗೆ ಒಂದು ಪ್ರಶ್ನೆ: "ಇನ್ನ ಆರಾಮ ಆತಲ್ರಿ, ಇನ್ನೊಂದು ಕುದುರಿಗೂ ಅದೇ ಸೂಜಿ ಹಾಕಿಸಬಹುದೇನು ಅಂತ ಮಾವ ಕೇಳಾಕತ್ತಾರ."

ಬೇಡ ಎಂದು ಮತ್ತೊಮ್ಮೆ ಬರೆದೆವು. ಆ ಕುದುರೆ ಇನ್ನು ಮುಂದೆ ಆರೋಗ್ಯವಾಗಿಯೇ ಕಾಣಬಹುದು. ಆದರೂ ಅದಕ್ಕೆ ಬೇರೆ ಸೂಜಿ, ದಿನವೂ ಉಣ್ಣಿ ತಪಾಸಣೆ, ಮಾರುವಾಗ ಕೊಳ್ಳುವವರಿಗೆ ರೋಗದ ವಿಷಯ ತಿಳಿಸುವುದು ತಪ್ಪಬಾರದು.

ಮೇಲಿನ ಫಾರ್ವರ್ಡ್ ನಿಮಗೆ ಬಂದರೆ ಮುಂದೆ ಕಳಿಸಬೇಡಿ. ಅದರ ಬದಲು ಈ ನಾಲ್ಕು ಸಾಲು ಕಳಿಸಿ:

ಕುದುರೆ, ಕತ್ತೆಯ ಮೂತ್ರ ಕೆಂಪಾದರೆ ಉಷ್ಣ ಎಂದು ಕೂರಬೇಡಿ, ಅಂದೇ 1962ಕ್ಕೆ ಕರೆ ಮಾಡಿ.
ಸೀಮೆಎಣ್ಣೆ ಬೇಡ. ದನದ ಉಣ್ಣಿ ಔಷಧವನ್ನು ವೈದ್ಯರನ್ನು ಕೇಳದೆ ಹಾಕಬೇಡಿ.
ಪ್ರತಿ ಪ್ರಾಣಿಗೂ ಹೊಸ ಸೂಜಿ.
ಉಣ್ಣಿ ಉದುರಿದರೂ ರೋಗ ರಕ್ತದಲ್ಲಿ ಉಳಿದಿರಬಹುದು, ಪರೀಕ್ಷೆ ಮಾಡಿಸಿ.